ಕುಕ್ಕರ್ ಕೊಳ್ಳುವ ಮುಂಚೆ ಮನೆಯ ಒಲೆ ನೋಡಿ

"ಮೂರು ಲೀಟರ್ ಸಾಕಾ, ಐದು ಬೇಕಾ?" "ಸ್ಟೀಲ್ ಒಳ್ಳೆಯದಾ, ಅಲ್ಯೂಮಿನಿಯಂ ಆಗುತ್ತಾ?" "ಮಂಗಳೂರಲ್ಲಿ ಮೂರು ವಿಸಲ್‌ಗೆ ಬೇಯುತ್ತಿದ್ದ ಬೇಳೆ ಮಡಿಕೇರಿಗೆ ಬಂದ ಮೇಲೆ ಯಾಕೆ ಗಟ್ಟಿ?" ಈ ಮೂರು ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತವೆ. ನಮ್ಮದು ಮಡಿಕೇರಿ ಕಡೆಯ ಮನೆ, ಜೊತೆಗೊಂದು ಚಿಕ್ಕ ಹೋಂಸ್ಟೇ. ಅಡುಗೆ ನನ್ನದೇ. ಕುಕ್ಕರ್ ದಿನಕ್ಕೆ ಎರಡು ಹೊತ್ತು ಕೂಗುತ್ತದೆ. ಹಾಗಾಗಿ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಟ್ಟಿಗೆ ಬರೆದಿದ್ದೇನೆ.

ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ, ಆಫರ್, ಜೊತೆಗೆ ಕೊಡುವ ತವಾ. ಅದನ್ನೆಲ್ಲ ಆಮೇಲೆ ನೋಡೋಣ. ಹೊರಡುವ ಮುಂಚೆ ಒಂದು ಚೀಟಿಯಲ್ಲಿ ನಾಲ್ಕು ಮಾತು ಬರೆದುಕೊಳ್ಳಿ: ಮನೆಯಲ್ಲಿ ಯಾವ ಒಲೆ, ದಿನಾ ಎಷ್ಟು ಜನ ಉಣ್ಣುತ್ತೀರಿ, ಜಾಸ್ತಿ ಬೇಯಿಸುವುದು ಏನು, ಮುಚ್ಚಳ ತೆಗೆಯುವವರು ಯಾರು. ಅರ್ಧ ಕುಕ್ಕರ್ ಅಲ್ಲೇ ಆರಿಸಿದ ಹಾಗೆ.

1. ಒಲೆ ಯಾವುದು?

ಗ್ಯಾಸ್ ಒಲೆಯಾದರೆ ಯಾವ ಕುಕ್ಕರ್ ಆದರೂ ನಡೆಯುತ್ತದೆ. ಇಂಡಕ್ಷನ್ ಒಲೆಯಾದರೆ ಹಾಗಲ್ಲ. ಅದು ಕಾಯಿಸುವುದು ಪಾತ್ರೆಯ ತಳವನ್ನು, ಅದೂ ಅಯಸ್ಕಾಂತ ಹಿಡಿಯುವ ಲೋಹ ಇದ್ದರೆ ಮಾತ್ರ. ಬರೀ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಸುಮ್ನೆ ಕೂತಿರುತ್ತದೆ, ಬಿಸಿಯಾಗುವುದಿಲ್ಲ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಗೊಂಬೆ ಒಂದನ್ನು ಜೇಬಿಗೆ ಹಾಕಿಕೊಂಡು ಹೋಗಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಸರಿ.

ಈಗ ಇಂಡಕ್ಷನ್ ಇಲ್ಲದಿದ್ದರೂ ಇಂಡಕ್ಷನ್ ತಳದ್ದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಅದು ಗ್ಯಾಸಿಗೂ ಆಗುತ್ತದೆ. ಸಿಲಿಂಡರ್ ಖಾಲಿಯಾದ ದಿನ ಕರೆಂಟ್ ಇದ್ದರೆ ಬಚಾವ್.

ಕರೆಂಟ್ ಇದ್ದರೆ ಅಂದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನಲ್ಲಿ ಅದು ದೊಡ್ಡ ಮಾತು. ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಬರುವುದೇ ಇಲ್ಲ. ಅದಕ್ಕೇ ಕರೆಂಟಿನಲ್ಲೇ ನಡೆಯುವ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ ಒಂದನ್ನೇ ನಂಬಿ ಕೂರಬೇಡಿ. ಎರಡನೆಯದಾಗಿ ಇರಲಿ, ತೊಂದರೆಯಿಲ್ಲ.

ಸೌದೆ ಒಲೆಯ ಮೇಲೆ ಇಡಬಹುದಾ? ನಾನು ಇಡಬೇಡಿ ಅನ್ನುತ್ತೇನೆ, ನೀವು ಇಟ್ಟೇ ಇಡುತ್ತೀರಿ ಅಂತಲೂ ಗೊತ್ತು. ಸೌದೆಯ ಉರಿಗೆ ಸಿಮ್ ಇಲ್ಲ. ಅದು ಪಾತ್ರೆಯ ಬದಿಗೂ ಏರುತ್ತದೆ. ಕುಕ್ಕರಿನ ಕಪ್ಪು ಹಿಡಿ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದು, ನೇರ ಉರಿ ತಾಗಿದರೆ ಸುಟ್ಟು ಬಿರುಕು ಬಿಡುತ್ತದೆ. ನನ್ನದೊಂದು ಹೀಗೇ ಹೋಯಿತು. ಜುಲೈ ತಿಂಗಳು, ಗ್ಯಾಸ್ ಮುಗಿದಿತ್ತು, ತೋಟದ ಸೌದೆ ಅರ್ಧ ಒದ್ದೆ. ಊದಿ ಊದಿ ಉರಿ ಎಬ್ಬಿಸಿದೆ. ಅನ್ನ ಬೆಂದಿತು, ಇಳಿಸಲು ಕೈ ಹಾಕಿದಾಗ ಹಿಡಿ ಸ್ಕ್ರೂ ಸಮೇತ ಕೈಗೆ ಬಂತು. ಹೊರಗೆ ಬೂದಿ ಬಣ್ಣದ ಪುಡಿ, ಒಳಗೆ ಕೆಂಡ. ಇಡಲೇಬೇಕಾದರೆ ಉರಿ ತಗ್ಗಿ ಕೆಂಡ ಆದಮೇಲೆ ಇಡಿ, ಹಿಡಿ ಇರುವ ಬದಿ ಒಲೆಯ ಬಾಯಿಂದ ಆಚೆ ಇರಲಿ, ಅಲ್ಲಿಂದ ಏಳಬೇಡಿ. ಇಡುವ ಮುಂಚೆ ಹೊರಮೈಗೆ ಕಲಸಿದ ಮಣ್ಣು ತೆಳ್ಳಗೆ ಬಳಿದರೆ ಮಸಿ ತೊಳೆಯುವುದು ಸುಲಭ. ವೇಯ್ಟ್ ಕೂರುವ ಜಾಗಕ್ಕೂ ವಾಲ್ವಿಗೂ ಮಣ್ಣು ತಾಗಬಾರದು.

2. ಎಷ್ಟು ಲೀಟರ್?

ಇಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಡಬ್ಬದ ಮೇಲಿನ 5 ಲೀಟರ್ ಅಂದರೆ ಅಂಚಿನವರೆಗೆ ತುಂಬಿದಾಗಿನ ಲೆಕ್ಕ. ಅಷ್ಟು ತುಂಬುವ ಹಾಗಿಲ್ಲ. ಮಾಂಸ, ತರಕಾರಿಗೆ ಮೂರನೇ ಎರಡು ಭಾಗ. ಬೇಳೆ, ಕಾಳು, ಅನ್ನಕ್ಕೆ ನೀರೂ ಸೇರಿ ಅರ್ಧ ಮಾತ್ರ, ಯಾಕಂದರೆ ಅವು ನೊರೆ ಬಂದು ಉಕ್ಕುತ್ತವೆ, ಆ ನೊರೆ ಹಬೆಯ ತೂತಿಗೆ ಹೋಗಿ ಕೂರುತ್ತದೆ. ಅಲ್ಲಿಗೆ ಐದು ಲೀಟರಿನ ಕುಕ್ಕರಿನಲ್ಲಿ ಬೇಳೆಗೆ ಸಿಗುವುದು ಎರಡೂವರೆ ಲೀಟರ್ ಜಾಗ.

ಒಬ್ಬರಿಗೆ ಒಂದು ಲೀಟರ್ ಎಂದು ಅಂದಾಜು ಹಾಕಿಕೊಳ್ಳಿ. ಇಬ್ಬರಿಗೆ ಎರಡು ಸಾಕು, ಮೂರು ಇದ್ದರೆ ಆರಾಮ. ನಾಲ್ಕೈದು ಜನಕ್ಕೆ ಐದು. ಒಂದು ಕಿಲೋ ಪಂದಿ (ಹಂದಿ) ಮಾಂಸ ಮೂರು ಲೀಟರಿನದರಲ್ಲಿ ಚೆನ್ನಾಗಿ ಹಿಡಿಯುತ್ತದೆ, ಎರಡು ಕಿಲೋಗೆ ಐದರದ್ದೇ ಬೇಕು.

"ಹುತ್ತರಿಗೆ, ಕೈಲ್‌ಪೊಳ್ದಿಗೆ ಮನೆ ತುಂಬ ಜನ, ಹತ್ತು ಲೀಟರಿನದು ತಗೊಳ್ಳಲಾ?" ಅಂತ ಕೇಳುತ್ತಾರೆ. ವರ್ಷಕ್ಕೆ ಎರಡು ದಿನಕ್ಕಾಗಿ ಉಳಿದ ದಿನವೆಲ್ಲ ಅದನ್ನು ಹೊತ್ತು ತೊಳೆಯುತ್ತೀರಾ? ಹಬ್ಬದ ದಿನ ದೊಡ್ಡ ಪಾತ್ರೆ ಅಕ್ಕಪಕ್ಕದಲ್ಲಿ ಸಿಗುತ್ತದೆ. ದೊಡ್ಡ ಕುಕ್ಕರಿನಲ್ಲಿ ಒಂದು ಪಾವು ಬೇಳೆ ಬೇಯಿಸಲು ಹೋದರೆ ಗ್ಯಾಸೂ ದಂಡ, ತಳವೂ ಹಿಡಿಯುತ್ತದೆ. ಒಂದು ದೊಡ್ಡದಕ್ಕಿಂತ ಮೂರರದ್ದು ಒಂದು, ಐದರದ್ದು ಒಂದು ವಾಸಿ. ಒಂದೇ ಕಂಪನಿಯ ಒಂದೇ ಬಾಯಿ ಅಳತೆಯವು ಸಿಕ್ಕರೆ ಇನ್ನೂ ಒಳ್ಳೆಯದು, ಮುಚ್ಚಳದ ಒಂದೇ ರಬ್ಬರ್ ಬೆಲ್ಟ್ ಎರಡಕ್ಕೂ ಆಗುತ್ತದೆ.

3. ಯಾವ ಲೋಹ? ಕಾಚಂಪುಳಿ ಇರುವ ಮನೆಗೆ ಇದು ಮುಖ್ಯ

ಅಲ್ಯೂಮಿನಿಯಂ ಹಗುರ, ಅಗ್ಗ, ಬೇಗ ಕಾಯುತ್ತದೆ. ಸ್ಟೀಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ವೇಗದಲ್ಲಿ ಬಿಸಿಯನ್ನು ಹರಡುತ್ತದೆ. ಅದಕ್ಕೇ ಅದರಲ್ಲಿ ಅನ್ನ ಒಂದೇ ಸಮ ಬೇಯುತ್ತದೆ. ಆದರೆ ಹುಳಿಗೂ ಅದಕ್ಕೂ ಆಗಿಬರುವುದಿಲ್ಲ. ಹುಣಸೆಹಣ್ಣು, ಟೊಮೆಟೊ, ಕಾಡುಮಾವು, ಎಲ್ಲಕ್ಕಿಂತ ಮೇಲೆ ನಮ್ಮ ಕಾಚಂಪುಳಿ, ಇವೆಲ್ಲ ಲೋಹವನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತವೆ. ಸಾರಿಗೆ ಲೋಹದ ರುಚಿ ಹತ್ತುತ್ತದೆ, ಪಾತ್ರೆಯ ಒಳಮೈ ಮಚ್ಚೆ ಮಚ್ಚೆಯಾಗುತ್ತದೆ.

ಕಾಚಂಪುಳಿ ಗೊತ್ತಿಲ್ಲದವರಿಗೆ: ಪಣಪುಳಿ ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಕಪ್ಪಗೆ ಗಟ್ಟಿ ಮಾಡಿದ್ದು. ಉತ್ತರ ಕನ್ನಡದವರು ಉಪ್ಪಾಗೆ ಅನ್ನುವುದು ಇದೇ ಹಣ್ಣಿಗೆ. ಒಂದು ಕಿಲೋ ಪಂದಿಗೆ ಒಂದೆರಡು ಟೀ ಚಮಚ ಸಾಕು, ಅಷ್ಟು ಹುಳಿ.

ಸ್ಟೀಲಿಗೆ ಹುಳಿಯ ಭಯವಿಲ್ಲ. ಅದರ ತೊಂದರೆ ಬೇರೆ. ಬಿಸಿ ಒಂದೇ ಕಡೆ ನಿಲ್ಲುತ್ತದೆ, ಮಸಾಲೆ ಅಲ್ಲೇ ಸೀಯುತ್ತದೆ. ಅದಕ್ಕೆ ಸ್ಯಾಂಡ್‌ವಿಚ್ ತಳ ಅಂತ ಮಾಡುತ್ತಾರೆ, ಅಂದರೆ ಎರಡು ಸ್ಟೀಲ್ ಪದರದ ನಡುವೆ ದಪ್ಪ ಅಲ್ಯೂಮಿನಿಯಂ ಬಿಲ್ಲೆ. ಟ್ರೈಪ್ಲೈ ಅಂದರೆ ಅದೇ ಮೂರು ಪದರ, ಆದರೆ ತಳ ಮಾತ್ರವಲ್ಲ, ಬದಿಯೂ ಹಾಗೇ. ಟ್ರೈಪ್ಲೈ ದುಬಾರಿ, ಬಹಳ ಚೆನ್ನಾಗಿದೆ. ತಳದಲ್ಲಿ ಪದರವೇ ಇಲ್ಲದ ತೆಳು ಸ್ಟೀಲ್ ಕುಕ್ಕರ್ ಎಷ್ಟೇ ಹೊಳೆದರೂ ಬೇಡ.

ಇನ್ನೊಂದು ಕಪ್ಪು ಬೂದಿ ಬಣ್ಣದ್ದು, ಹಾರ್ಡ್ ಆನೊಡೈಸ್ಡ್. ಅಲ್ಯೂಮಿನಿಯಂ ಮೇಲ್ಮೈಯನ್ನೇ ವಿದ್ಯುತ್ ಹಾಯಿಸಿ ಗಟ್ಟಿ ಪದರವಾಗಿ ಮಾರ್ಪಡಿಸಿರುತ್ತಾರೆ. ಹುಳಿ ತಡೆಯುತ್ತದೆ. ಸ್ಟೀಲ್ ನಾರು ಹಾಕಿ ಗಸಗಸ ಉಜ್ಜಬೇಡಿ, ಆ ಪದರ ಸವೆದರೆ ಆಮೇಲೆ ಅದೂ ಮಾಮೂಲಿ ಅಲ್ಯೂಮಿನಿಯಂ.

ನನ್ನ ತೀರ್ಮಾನ ಕೇಳಿದರೆ: ಬರೀ ಅನ್ನ, ಬೇಳೆ, ಕಾಳು ಬೇಯಿಸಲು ಅಲ್ಯೂಮಿನಿಯಂ ಧಾರಾಳ ಸಾಕು. ಪಂದಿ, ಕೋಳಿ, ಹುಳಿ ಸಾರು ಕುಕ್ಕರಿನಲ್ಲೇ ಮಾಡುವವರು ಸ್ಯಾಂಡ್‌ವಿಚ್ ತಳದ ಸ್ಟೀಲ್ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಈಗಾಗಲೇ ಮನೆಯಲ್ಲಿದ್ದರೆ ಬಿಸಾಡಬೇಡಿ. ಹುಳಿಯನ್ನು ಮುಚ್ಚಳ ತೆಗೆದ ಮೇಲೆ ಬೇರೆ ಪಾತ್ರೆಯಲ್ಲಿ ಹಾಕಿ, ಉಳಿದ ಸಾರನ್ನು ರಾತ್ರಿಯಿಡೀ ಕುಕ್ಕರಿನಲ್ಲೇ ಬಿಡಬೇಡಿ.

4. ಮುಚ್ಚಳ ಒಳಗೋ, ಹೊರಗೋ?

ಒಳ ಮುಚ್ಚಳವನ್ನು ಓರೆಯಾಗಿ ಒಳಗೆ ತೂರಿಸಿ ಮೇಲಕ್ಕೆ ಎಳೆದು ಹಿಡಿಗೆ ಸಿಕ್ಕಿಸಬೇಕು. ಒಳಗಿನ ಒತ್ತಡವೇ ಅದನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಒತ್ತಡ ಇರುವಷ್ಟು ಹೊತ್ತು ತೆಗೆಯಲು ಆಗುವುದೇ ಇಲ್ಲ, ಅದು ದೊಡ್ಡ ಧೈರ್ಯ. ಆದರೆ ತೂರಿಸುವುದಕ್ಕೆ ಮಣಿಕಟ್ಟಿನ ಒಂದು ವರಸೆ ಬೇಕು. ಕೈ ಗಂಟು ನೋವಿರುವ ಹಿರಿಯರಿಗೆ ಅದು ಕಷ್ಟ. ಬಾಯಿಯೂ ಕಿರಿದು.

ಹೊರ ಮುಚ್ಚಳ ಮೇಲೆ ಕೂತು ತಿರುಗಿ ಬಿಗಿಯಾಗುತ್ತದೆ. ಬಾಯಿ ಅಗಲ, ಡಬ್ಬಿ ಇಡಲು, ಇಡ್ಲಿ ಸ್ಟ್ಯಾಂಡ್ ಇಳಿಸಲು, ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಜೋಡಿಸಲು ಸಲೀಸು. ಇದರಲ್ಲಿ ಒತ್ತಡ ಪೂರ್ತಿ ಇಳಿಯುವ ಮುಂಚೆ ಬಲವಂತವಾಗಿ ತಿರುಗಿಸುವ ಚಪಲ ಮಾಡಬಾರದು, ಅಷ್ಟೇ.

ಅಂಗಡಿಯಲ್ಲಿ ಮುಚ್ಚಳವನ್ನು ಐದಾರು ಸಲ ನೀವೇ ಹಾಕಿ ತೆಗೆಯಿರಿ. ಅಡುಗೆ ಮಾಡುವವರು ಅತ್ತೆಯಾದರೆ ಅವರನ್ನೇ ಕರೆದುಕೊಂಡು ಹೋಗಿ.

5. ಅಂಗಡಿಯಲ್ಲಿ ನೋಡಬೇಕಾದ್ದು

ಮೊದಲು ಐಎಸ್‌ಐ ಗುರುತು. ಮನೆ ಬಳಕೆಯ ಪ್ರೆಷರ್ ಕುಕ್ಕರಿಗೆ ಇದು 2021ರ ಫೆಬ್ರವರಿ 1ರಿಂದ ಕಡ್ಡಾಯ. ಗುರುತಿನ ಮೇಲೆ ಐಎಸ್ 2347 ಎಂದಿರಬೇಕು, ಅದು ಕುಕ್ಕರಿನ ಮಾನದಂಡದ ಸಂಖ್ಯೆ. ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಎಂದು ತೋರಿಸುತ್ತದೆ. ಎರಡು ನಿಮಿಷದ ಕೆಲಸ. ಡಬ್ಬದ ಮೇಲೆ ಮಾತ್ರ ಗುರುತಿದ್ದು ಕುಕ್ಕರಿನ ಮೇಲೆ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ.

ಆಮೇಲೆ ಮುಚ್ಚಳ ಎತ್ತಿ ಬೆಳಕಿಗೆ ಹಿಡಿಯಿರಿ. ವೇಯ್ಟ್ ಕೂರುವ ಕೊಳವೆಯ ತೂತಿನಲ್ಲಿ ಬೆಳಕು ಆರಪಾರು ಕಾಣಬೇಕು. ಪಕ್ಕದಲ್ಲಿ ನಾಣ್ಯದಷ್ಟಿರುವುದು ಸೇಫ್ಟಿ ವಾಲ್ವ್. ಕೊಳವೆ ಕಟ್ಟಿಕೊಂಡರೆ, ನೀರು ಬತ್ತಿದರೆ, ಅದರೊಳಗಿನ ಬೇಗ ಕರಗುವ ಲೋಹ ಕರಗಿ ಹಬೆಗೆ ದಾರಿ ಬಿಡುತ್ತದೆ. ತಳವನ್ನು ಕನ್ನಡಿಯಂಥ ಸಮತಟ್ಟು ಗಾಜಿನ ಮೇಲಿಟ್ಟು ಒತ್ತಿ, ಅಲ್ಲಾಡಬಾರದು. ಹಿಡಿಯ ಸ್ಕ್ರೂ ಬಿಗಿ ನೋಡಿ.

ಕೊನೆಯ ಪ್ರಶ್ನೆ ಅಂಗಡಿಯವರಿಗೆ: "ಇದರ ಬೆಲ್ಟು, ವಾಲ್ವು ನಿಮ್ಮಲ್ಲೇ ಸಿಗುತ್ತಾ?" ಹಾರಿಕೆಯ ಉತ್ತರ ಬಂದರೆ ಬೇರೆ ಕಂಪನಿ ನೋಡಿ. ಒಂದು ಬೆಲ್ಟಿಗಾಗಿ ಘಟ್ಟ ಇಳಿದು ಮೈಸೂರಿಗೆ ಹೋಗಬೇಕಾದ ಕುಕ್ಕರ್ ನಮಗೆ ಯಾಕೆ? ಬಿಲ್ ಕೇಳಿ ಇಸಿದುಕೊಳ್ಳಿ.

6. ಮನೆಗೆ ತಂದ ದಿನ

ತೊಳೆದು ಎರಡು ಲೋಟ ನೀರು ಹಾಕಿ, ವೇಯ್ಟ್ ಇಡದೆ ಮುಚ್ಚಿ, ಒಲೆ ಹಚ್ಚಿ. ಕೊಳವೆಯಿಂದ ಹಬೆ ನೇರವಾಗಿ, ಜೋರಾಗಿ ಬರಬೇಕು. ಬಂದ ಮೇಲೆ ವೇಯ್ಟ್ ಇಡಿ. ಅಂಚಿನಿಂದ ಹಬೆಯಾಗಲಿ ನೀರ ಹನಿಯಾಗಲಿ ಸೋರದೆ ಎರಡು ಸಲ ಕೂಗಿದರೆ ಕುಕ್ಕರ್ ಸರಿ ಇದೆ. ಹಬೆ ಕಂಡ ಮೇಲೆ ವೇಯ್ಟ್ ಇಡುವ ಅಭ್ಯಾಸ ದಿನಾ ಇರಲಿ. ಒಳಗಿನ ಗಾಳಿ ಹೊರಗೆ ಹೋಗುತ್ತದೆ, ತೂತು ಕಟ್ಟಿಲ್ಲ ಅಂತಲೂ ಖಾತ್ರಿ.

7. ವಿಸಲ್ ಎಣಿಸುವುದು ಬಿಡಿ, ಗಡಿಯಾರ ನೋಡಿ

ಮಂಗಳೂರಿನ ಬೇಳೆ ಮಡಿಕೇರಿಯಲ್ಲಿ ಗಟ್ಟಿ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಮಡಿಕೇರಿ ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ 1,170 ಮೀಟರ್ ಎತ್ತರದಲ್ಲಿದೆ. ಎತ್ತರ ಹೋದಷ್ಟು ಗಾಳಿಯ ಒತ್ತಡ ಕಮ್ಮಿ, ನೀರು ಬೇಗ ಕುದಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ 96ರ ಸುಮಾರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಹಾಕಿ, ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ. ಕುಕ್ಕರಿನ ವೇಯ್ಟ್ ಹೊರಗಿನ ಗಾಳಿಯ ಮೇಲೆ ಇನ್ನೂ ಒಂದು ಪಾಲು ಒತ್ತಡ ಸೇರಿಸುತ್ತದೆ. ಆಗ ಮಂಗಳೂರಿನಲ್ಲಿ 120 ಡಿಗ್ರಿ, ಮಡಿಕೇರಿಯಲ್ಲಿ 118ರ ಆಸುಪಾಸು. ನಾಲ್ಕು ಡಿಗ್ರಿಯ ವ್ಯತ್ಯಾಸ ಎರಡಕ್ಕೆ ಇಳಿಯಿತು, ನೋಡಿ. ಬೆಟ್ಟದ ಮೇಲಿನ ಮನೆಗೆ ಕುಕ್ಕರ್ ಬೇಕೇ ಬೇಕು ಅನ್ನುವುದು ಇದಕ್ಕೇ. ಪೂರ್ತಿ ಸಮವಾಗುವುದಿಲ್ಲ, ಹಾಗಾಗಿ ಕೆಳಗಿನ ಊರಿನ ಲೆಕ್ಕಕ್ಕೆ ಹತ್ತರಲ್ಲಿ ಒಂದು ಪಾಲು ಸೇರಿಸಿ. ಅಲ್ಲಿ 20 ನಿಮಿಷ ಇದ್ದರೆ ಇಲ್ಲಿ 22. ಕುಶಾಲನಗರ ತಗ್ಗಿನಲ್ಲಿದೆ, ಅಲ್ಲಿ ಇಷ್ಟು ಬೇಕಾಗುವುದಿಲ್ಲ.

ಇನ್ನು ವಿಸಲ್. ಉರಿ ಜೋರಿದ್ದರೆ ನಿಮಿಷಕ್ಕೊಂದು ಕೂಗುತ್ತದೆ, ಸಣ್ಣಗಿದ್ದರೆ ಐದು ನಿಮಿಷಕ್ಕೊಂದು. ಚಿಕ್ಕ ಕುಕ್ಕರ್ ಬೇಗ, ದೊಡ್ಡದು ತಡ. "ಮೂರು ವಿಸಲ್" ಅನ್ನುವುದು ಅವರವರ ಮನೆಯ ಭಾಷೆ, ಪಕ್ಕದ ಮನೆಗೆ ಅರ್ಥವಾಗುವುದಿಲ್ಲ. ಹೀಗೆ ಮಾಡಿ: ಮೊದಲ ವಿಸಲ್ ಜೋರು ಉರಿಯಲ್ಲಿ ಬರಲಿ. ತಕ್ಷಣ ಸಿಮ್ಮಿಗೆ ಇಳಿಸಿ ಗಡಿಯಾರ ನೋಡಿ. ನೆನೆಸದ ತೊಗರಿಬೇಳೆಗೆ ನಮ್ಮಲ್ಲಿ ಹತ್ತು ನಿಮಿಷ. ರಾತ್ರಿ ನೆನೆಸಿದ ಕಡಲೆಕಾಳಿಗೆ ಇಪ್ಪತ್ತು. ಆರಿಸಿದ ಮೇಲೆ ಅದು ತಾನಾಗಿ ಇಳಿಯಲಿ, ಹತ್ತು ನಿಮಿಷ. ಚಮಚದಲ್ಲಿ ವೇಯ್ಟ್ ಎತ್ತಿ ಹಬೆ ಬಿಡುವುದು, ನಲ್ಲಿಯ ಕೆಳಗೆ ಹಿಡಿಯುವುದು ಬೇಡ. ಬೇಳೆ ಗಂಜಿ ಚಾವಣಿಗೆ ಹಾರಿದ್ದನ್ನು ಒರೆಸಲು ಅರ್ಧ ದಿನ ಬೇಕು, ಮುಖಕ್ಕೆ ಹಾರಿದರೆ ಆಸ್ಪತ್ರೆ.

8. ಪಂದಿ, ಕಣಿಲೆ, ಕಡಂಬುಟ್ಟು

ಪಂದಿಗೆ ಉಪ್ಪು, ಅರಿಶಿನ, ಖಾರ, ಈರುಳ್ಳಿ, ಬೆಳ್ಳುಳ್ಳಿ ಹಾಕಿ ಮೊದಲು ಮುಚ್ಚದೆ ಹತ್ತು ನಿಮಿಷ ಬಾಡಿಸಿ. ಮಾಂಸವೇ ನೀರು ಬಿಡುತ್ತದೆ. ಆಮೇಲೆ ಒಂದು ಲೋಟ ನೀರು ಹಾಕಿ ಮುಚ್ಚಿ. ನೀರೇ ಹಾಕದೆ ಮುಚ್ಚುವವರಿದ್ದಾರೆ, ಆ ಧೈರ್ಯ ಬೇಡ. ಮೊದಲ ವಿಸಲ್ ಆದ ಮೇಲೆ ಸಿಮ್ಮಿನಲ್ಲಿ 15 ನಿಮಿಷ, ಬಲಿತ ಮಾಂಸಕ್ಕೆ 20. ಹುರಿದ ಮೆಣಸು ಜೀರಿಗೆಯ ಕಪ್ಪು ಪುಡಿಯನ್ನು ಮುಂಚೆಯೇ ಹಾಕಿದರೆ ತಳಕ್ಕೆ ಇಳಿದು ಸೀಯುತ್ತದೆ. ಅದೂ ಕಾಚಂಪುಳಿಯೂ ಮುಚ್ಚಳ ತೆಗೆದ ಮೇಲೆ. ಹಾಕಿ ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಯಲಿ. ಮೇಲೆ ತುಪ್ಪದಂತೆ ಕೊಬ್ಬು ತೇಲಿ, ಗಸಿ ಮಾಂಸಕ್ಕೆ ಅಂಟಿಕೊಳ್ಳುವಾಗ ಇಳಿಸಿ. ಪಂದಿ ಮಾಡಿದ ದಿನ ಕೊಳವೆಯ ತೂತನ್ನು ಬಿಸಿನೀರಿನಲ್ಲೇ ತೊಳೆಯಿರಿ, ಇಲ್ಲದಿದ್ದರೆ ನಮ್ಮ ಚಳಿಗೆ ಕೊಬ್ಬು ಅಲ್ಲೇ ಹೆಪ್ಪುಗಟ್ಟುತ್ತದೆ.

ಕಣಿಲೆಯ ವಿಷಯದಲ್ಲಿ ಒಂದು ಎಚ್ಚರ. ಕುಕ್ಕರ್ ಇದೆ ಅಂತ ನೆನೆಸುವುದನ್ನು ಬಿಡಬೇಡಿ. ಹಸಿ ಬಿದಿರ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ತೆರೆದ ಪಾತ್ರೆಯಲ್ಲಿ ಕುದಿಸಿ ಆ ನೀರು ಚೆಲ್ಲಿ. ಇಲ್ಲಿ ಕುಕ್ಕರಿಗೆ ಕೆಲಸವಿಲ್ಲ.

ಕಡಂಬುಟ್ಟಿಗೆ, ನೂಪುಟ್ಟು ಅನ್ನುವ ಅಕ್ಕಿ ಶಾವಿಗೆಗೆ ಬೇಕಾಗಿರುವುದು ಹಬೆ, ಒತ್ತಡವಲ್ಲ. ವೇಯ್ಟ್ ತೆಗೆದಿಟ್ಟು ಬೇಯಿಸಿ. ಕೂಗುವುದಿಲ್ಲವಾದ್ದರಿಂದ ನೀರು ಬತ್ತಿದ್ದು ಗೊತ್ತಾಗುವುದಿಲ್ಲ. ತಳದಲ್ಲಿ ಎರಡು ಬೆರಳಿನಷ್ಟು ನೀರು ಇರಲಿ, ಜೊತೆಗೆ ಒಂದು ಚಿಕ್ಕ ಸ್ಟೀಲ್ ಚಮಚ ಹಾಕಿ. ನೀರು ಕುದಿಯುವಷ್ಟು ಹೊತ್ತು ಅದು ಕಟಕಟ ಅನ್ನುತ್ತಿರುತ್ತದೆ, ಸದ್ದು ನಿಂತರೆ ಓಡಿ.

9. ಬೆಲ್ಟ್ ಮತ್ತು ಮಳೆಗಾಲ

ಮುಚ್ಚಳದ ಸುತ್ತ ಇರುವ ರಬ್ಬರ್ ಬಳೆಗೆ ಗ್ಯಾಸ್ಕೆಟ್ ಅನ್ನುತ್ತಾರೆ, ನಮ್ಮ ಬಾಯಲ್ಲಿ ಬೆಲ್ಟ್. ವರ್ಷಕ್ಕೊಮ್ಮೆ ಬದಲಿಸಿ. ಮಡಚಿದಾಗ ಸಣ್ಣ ಗೆರೆ ಗೆರೆ ಬಿರುಕು ಕಂಡರೆ ವರ್ಷ ಕಾಯಬೇಡಿ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಬೆಲ್ಟುಗಳನ್ನು ಬಳೆಯ ಹಾಗೆ ಹಗ್ಗಕ್ಕೆ ಪೋಣಿಸಿ ತೂಗುಹಾಕಿರುತ್ತಾರೆ, ಕೈ ಹೋಗಿಯೇ ಹೋಗುತ್ತದೆ. ಅಳತೆ ಸರಿ ಇದ್ದರೂ ದಪ್ಪ ಬೇರೆ ಇರುತ್ತದೆ. ನಿಮ್ಮ ಕಂಪನಿಯದ್ದೇ ಬೇಕು. ವೇಯ್ಟಿಗೂ ವಾಲ್ವಿಗೂ ಇದೇ ಮಾತು.

ಸಡಿಲವಾದ ಬೆಲ್ಟನ್ನು ಫ್ರೀಜರಿನಲ್ಲಿಟ್ಟು ಬಿಗಿ ಮಾಡುವುದು, ಅಂಚಿಗೆ ಹಿಟ್ಟು ಮೆತ್ತುವುದು, ದಾರ ಸುತ್ತುವುದು, ಇವೆಲ್ಲ ಒಂದು ಹೊತ್ತಿನ ಉಪಾಯ. ಹೋದ ವಾಲ್ವಿನ ಜಾಗಕ್ಕೆ ಸ್ಕ್ರೂ ಬಿಗಿಯುವುದನ್ನೂ ನೋಡಿದ್ದೇನೆ. ಅದು ಉಪಾಯವೂ ಅಲ್ಲ, ಅಪಾಯ. ವಾಲ್ವ್ ಹೋಯಿತು ಅಂದರೆ ಕೊಳವೆ ಕಟ್ಟಿತ್ತು ಅಥವಾ ನೀರು ಬತ್ತಿತ್ತು. ಕಾರಣ ಹುಡುಕಿ, ಆಮೇಲೆ ಹೊಸದು ಹಾಕಿ.

ಮಳೆಗಾಲದಲ್ಲಿ ಒದ್ದೆ ಕುಕ್ಕರನ್ನು ಮುಚ್ಚಿಟ್ಟರೆ ಮೂರೇ ದಿನಕ್ಕೆ ಮುಗ್ಗಲು ವಾಸನೆ, ಬೆಲ್ಟಿನ ಒಳಬದಿಗೆ ಬೂಷ್ಟು. ಬೆಲ್ಟ್ ಬಿಚ್ಚಿ ಒರೆಸಿ ಬೇರೆ ಇಡಿ, ಮುಚ್ಚಳ ಮಗುಚಿ ಬಾಯಿ ತೆರೆದೇ ಇರಲಿ.

ತಳ ಉಬ್ಬಿದ, ಅಂಚು ನೆಗ್ಗಿದ ಕುಕ್ಕರನ್ನು ರಿಪೇರಿಗೆ ಒಯ್ಯಬೇಡಿ. ಬಡಿದು ಸರಿಮಾಡಿದ ಅಂಚು ಒತ್ತಡ ತಡೆಯುವುದಿಲ್ಲ. ಮುಚ್ಚಳ ಗುಜರಿಗೆ ಹಾಕಿ, ಯಾರೂ ಮತ್ತೆ ಜೋಡಿಸದ ಹಾಗೆ. ಹಿಡಿ ಸುಟ್ಟ ನನ್ನ ಹಳೇದು ಈಗ ಹಿತ್ತಲಲ್ಲಿ ಕೋಳಿಗಳಿಗೆ ನೀರಿಡುವ ಪಾತ್ರೆ.